ಕೂಸಿನ ಮೆದುಳಿಗೆ ಕಾಯುವ ವ್ಯವಧಾನವಿಲ್ಲ

ಐದಾರು ತಿಂಗಳ ಕೂಸು ನಿದ್ದೆಯಿಂದ ಏಳುತ್ತದೆ. ಎದ್ದ ಕೂಡಲೇ ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ತೋಳುಗಳು ಒಮ್ಮೆಲೇ ಅಗಲವಾಗಿ ಮೇಲೇಳುತ್ತವೆ, ಮೊಣಕಾಲುಗಳು ಹೊಟ್ಟೆಯತ್ತ ಸೆಳೆದುಕೊಳ್ಳುತ್ತವೆ. ಒಂದೆರಡು ಸೆಕೆಂಡು, ಅಷ್ಟೇ. ಹತ್ತು ಹದಿನೈದು ಸೆಕೆಂಡು ಬಿಟ್ಟು ಮತ್ತೆ ಅದೇ. ಹೀಗೆ ಹತ್ತು ಸಲ, ಇಪ್ಪತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು. ಸರಣಿ ಮುಗಿದ ಮೇಲೆ ಕೂಸು ಅಳುತ್ತದೆ, ಇಲ್ಲವೇ ಸುಸ್ತಾಗಿ ಸುಮ್ಮನಾಗುತ್ತದೆ. ಬಾಯಲ್ಲಿ ನೊರೆ ಇಲ್ಲ, ಮೈ ಅದುರುವುದಿಲ್ಲ, ಪ್ರಜ್ಞೆ ತಪ್ಪಿದಂತೆಯೂ ಕಾಣುವುದಿಲ್ಲ. ಬೆಚ್ಚಿಬಿತ್ತು ಎನ್ನುತ್ತಾರೆ. ಹೊಟ್ಟೆಯಲ್ಲಿ ಗಾಳಿ ಸೇರಿದೆ ಎಂದು ಓಮದ ನೀರು ಕುಡಿಸುತ್ತಾರೆ. ಹಲ್ಲು ಬರುವ ಕಾಲ ಎನ್ನುತ್ತಾರೆ. ಬಾಲಗ್ರಹ ಎಂದು ತಾಯತ ಕಟ್ಟಿಸುವವರೂ ಇದ್ದಾರೆ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ಅಮ್ಮನ ಮುಖ ಕಂಡು ನಗುತ್ತಿದ್ದ ಕೂಸು ನಗುವುದನ್ನು ಬಿಟ್ಟಿರುತ್ತದೆ. ಗಿಲಕಿಗೆ ಕೈಚಾಚುತ್ತಿದ್ದುದು ಚಾಚುವುದಿಲ್ಲ. ನಿಲ್ಲುತ್ತಿದ್ದ ಕತ್ತು ಮತ್ತೆ ಸೋಲುತ್ತದೆ.

ವೈದ್ಯರು ಇದನ್ನು ಇನ್ಫೆಂಟೈಲ್ ಸ್ಪಾಸಮ್ ಎನ್ನುತ್ತಾರೆ. ಶಿಶುಗಳಿಗೆ ಬರುವ ಅಪಸ್ಮಾರಗಳಲ್ಲಿ ಇದು ಅತ್ಯಂತ ಕ್ರೂರವಾದವುಗಳಲ್ಲೊಂದು, ಆದರೆ ನೋಡುವುದಕ್ಕೆ ಅತ್ಯಂತ ಸೌಮ್ಯ. ಕೊಡಗಿನಂಥ ಗುಡ್ಡಗಾಡು ಜಿಲ್ಲೆಯಲ್ಲಿ ಈ ಸೌಮ್ಯತೆಯೇ ದೊಡ್ಡ ಅಪಾಯ. ಮಕ್ಕಳ ಆರೋಗ್ಯಕ್ಕಾಗಿ ನಾವು ಕಟ್ಟಿಕೊಂಡಿರುವ ವ್ಯವಸ್ಥೆ ಸರಿಯಾಗಿ ನಡೆದರೂ ಈ ಕೂಸು ಅದರ ಕಣ್ಣಿಗೆ ಬೀಳದೆ ಜಾರಿಹೋಗುತ್ತದೆ. ಮುಂದಿನ ವರ್ಷಗಳಲ್ಲಿ ಹೀಗೆ ಜಾರಿಹೋಗುವ ಕೂಸುಗಳು ಹೆಚ್ಚಾಗುವ ಸಂಭವವಿದೆ. ಅದನ್ನು ಹೇಳುವುದಕ್ಕೇ ಈ ಲೇಖನ.

ಮೊದಲು ಕಾಯಿಲೆಯ ಸ್ವಭಾವ ತಿಳಿಯಬೇಕು. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ 'ಲ್ಯಾನ್ಸೆಟ್' ಪತ್ರಿಕೆಗೆ ಒಂದು ಪತ್ರ ಬರೆದರು. ಅದರಲ್ಲಿ ವಿವರಿಸಿದ್ದ ರೋಗಿ ಅವರದೇ ಮಗ. ನಾಲ್ಕು ತಿಂಗಳಲ್ಲಿ ಶುರುವಾದ ತಲೆಬಾಗುವಿಕೆ, ದಿನೇ ದಿನೇ ಮಂಕಾಗುತ್ತ ಹೋದ ಮಗು, ಆ ಕಾಲದ ಔಷಧಗಳೆಲ್ಲ ಸೋತದ್ದು, ಯಾರಾದರೂ ದಾರಿ ತೋರಿಸಿ ಎಂಬ ತಂದೆಯ ಮೊರೆ, ಎಲ್ಲವೂ ಆ ಪತ್ರದಲ್ಲಿವೆ. ಕಾಯಿಲೆಗೆ ವೆಸ್ಟ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು ಹೀಗೆ. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1952ರಲ್ಲಿ, ಗಿಬ್ಸ್ ದಂಪತಿ ಈ ಮಕ್ಕಳ ಮೆದುಳಿನ ವಿದ್ಯುತ್ ರೇಖೆಗಳಲ್ಲಿ, ಅಂದರೆ ಇಇಜಿಯಲ್ಲಿ, ಲಯವೇ ಇಲ್ಲದ ಎತ್ತರದ ಅಲೆಗಳ ಗೊಂದಲ ಇರುವುದನ್ನು ಗುರುತಿಸಿ ಅದಕ್ಕೆ ಹಿಪ್ಸಾರಿದ್ಮಿಯಾ ಎಂದು ಹೆಸರಿಟ್ಟರು. ಮುಖ್ಯ ಸಂಗತಿ ಇರುವುದು ಇಲ್ಲಿಯೇ. ಕೈಕಾಲು ಸೆಳೆಯುವ ಆ ಎರಡು ಸೆಕೆಂಡುಗಳಲ್ಲಿ ಮಾತ್ರ ಮೆದುಳು ಕೆಟ್ಟಿರುವುದಿಲ್ಲ. ಎರಡು ಸೆಳೆತಗಳ ನಡುವೆ, ಕೂಸು ಸುಮ್ಮನೆ ಮಲಗಿರುವಾಗಲೂ ಆ ಗೊಂದಲ ನಡೆಯುತ್ತಲೇ ಇರುತ್ತದೆ. ಹುಟ್ಟಿದ ಮೊದಲ ವರ್ಷದಲ್ಲಿ ಮೆದುಳಿನ ಗಾತ್ರ ಸುಮಾರು ಇಮ್ಮಡಿಯಾಗುತ್ತದೆ. ನೋಡುವುದು, ಕೇಳುವುದು, ಮುಖ ಗುರುತಿಸುವುದು, ಮಾತಿನ ಸದ್ದುಗಳನ್ನು ಬೇರ್ಪಡಿಸುವುದು, ಇವಕ್ಕೆಲ್ಲ ಬೇಕಾದ ನರಜಾಲ ಕಟ್ಟಿಕೊಳ್ಳುವುದು ಆ ತಿಂಗಳುಗಳಲ್ಲೇ. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚಿನಲ್ಲಿ ಬಾರದ ಹೂಮಳೆ ಜೂನಿನಲ್ಲಿ ಧಾರಾಕಾರ ಸುರಿದರೂ ಆ ವರ್ಷದ ಹೂವು ಮರಳುವುದಿಲ್ಲ.

ತಡವಾದರೆ ಎಷ್ಟು ನಷ್ಟ ಎಂಬುದನ್ನು ಅಳೆದು ನೋಡಿದ ಅಧ್ಯಯನವಿದೆ. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಚಿಕಿತ್ಸಾ ಪರೀಕ್ಷೆಯೊಂದರ ಮಕ್ಕಳನ್ನು ನಾಲ್ಕು ವರ್ಷ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಸ್ಪಾಸಮ್ ಶುರುವಾದಾಗಿನಿಂದ ಚಿಕಿತ್ಸೆ ಸಿಗುವವರೆಗಿನ ಅವಧಿಯನ್ನು ಅವರು ಹಂತಗಳಾಗಿ ವಿಂಗಡಿಸಿದ್ದರು: ಒಂದು ವಾರದೊಳಗೆ, ಎರಡು ವಾರದೊಳಗೆ, ಒಂದು ತಿಂಗಳೊಳಗೆ, ಎರಡು ತಿಂಗಳೊಳಗೆ, ಅದಕ್ಕೂ ತಡವಾಗಿ. ಒಂದೊಂದು ಹಂತ ತಡವಾದಂತೆ ಮಗುವಿನ ಬೆಳವಣಿಗೆಯ ಅಂಕ ಸರಾಸರಿ 3.9ರಷ್ಟು ಇಳಿದಿತ್ತು. ಮೊದಲ ಹಂತದಿಂದ ಕೊನೆಯ ಹಂತಕ್ಕೆ ಲೆಕ್ಕ ಹಾಕಿದರೆ ಸುಮಾರು ಹದಿನೈದು ಅಂಕ. ಆ ಅಳತೆಗೋಲಿನಲ್ಲಿ ಹದಿನೈದು ಅಂಕ ಸಣ್ಣ ಅಂತರವಲ್ಲ. ಇಲ್ಲಿ ಲೆಕ್ಕಕ್ಕೆ ಬಂದಿರುವುದು ವರ್ಷಗಳಲ್ಲ, ವಾರಗಳು ಎಂಬುದನ್ನು ಗಮನಿಸಬೇಕು.

ಈಗ ಕೊಡಗಿಗೆ ಬರೋಣ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ರಾಜ್ಯದ ಜನನ ಪ್ರಮಾಣ ಸಾವಿರಕ್ಕೆ ಸುಮಾರು 16. ವೆಸ್ಟ್ ಸಿಂಡ್ರೋಮ್ ಹತ್ತು ಸಾವಿರ ಜನನಗಳಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ ಎಂಬುದು ಜಗತ್ತಿನ ಹಲವು ಕಡೆಯ ಅಂದಾಜು. ಒರಟಾಗಿ ಲೆಕ್ಕ ಹಾಕಿದರೆ ಕೊಡಗಿನಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಕೂಸುಗಳು. ಶಿಶುಗಳ ಬೇರೆ ಬಗೆಯ ಉಗ್ರ ಅಪಸ್ಮಾರಗಳು ಇದರ ಮೇಲೆ. ಇಷ್ಟೇ ತಾನೆ ಎನ್ನಿಸಬಹುದು. ಆದರೆ ಅಪಾಯವಿರುವುದು ಈ 'ಇಷ್ಟೇ'ಯಲ್ಲಿಯೇ. ಪೊನ್ನಂಪೇಟೆಯದೋ ಶನಿವಾರಸಂತೆಯದೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಮ್ಮ ವೃತ್ತಿಜೀವನದಲ್ಲಿ ಇಂಥ ಒಂದು ಕೂಸು ಎದುರಾದರೆ ಹೆಚ್ಚು. ಪಠ್ಯಪುಸ್ತಕದಲ್ಲಿ ಓದಿದ್ದು ಆ ಒಂದು ಬೆಳಿಗ್ಗೆ, ನೂರು ಜ್ವರ ಕೆಮ್ಮುಗಳ ನಡುವೆ ನೆನಪಾಗಬೇಕು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರಿಗೆ ನೆನಪಾಗುವಂತೆ ಮಾಡುವ ಏರ್ಪಾಡು ಬೇಕು.

ಏರ್ಪಾಡು ಇಲ್ಲವೇ ಎಂದರೆ, ಇದೆ. ಲಸಿಕೆಯ ದಿನಗಳಿವೆ: ಆರು, ಹತ್ತು, ಹದಿನಾಲ್ಕು ವಾರಕ್ಕೆ ಲಸಿಕೆ, ಆಮೇಲೆ ಒಂಬತ್ತು ತಿಂಗಳಿಗೆ ದಡಾರದ ಲಸಿಕೆ. ಈಗ ಈ ಕಾಯಿಲೆ ಶುರುವಾಗುವ ವಯಸ್ಸನ್ನು ಪಕ್ಕದಲ್ಲಿಟ್ಟು ನೋಡಿ. ಹೆಚ್ಚಿನ ಮಕ್ಕಳಲ್ಲಿ ಅದು ನಾಲ್ಕರಿಂದ ಏಳು ತಿಂಗಳ ನಡುವೆ. ಹದಿನಾಲ್ಕನೆಯ ವಾರದಲ್ಲಿ ಚೆನ್ನಾಗಿದ್ದ ಕೂಸನ್ನು ಲಸಿಕೆಯ ನೆಪದಲ್ಲಿ ಆರೋಗ್ಯ ಸಿಬ್ಬಂದಿ ಮತ್ತೆ ನೋಡುವುದು ಒಂಬತ್ತನೆಯ ತಿಂಗಳಲ್ಲಿ. ನಡುವಿನ ಐದೂವರೆ ತಿಂಗಳ ಕತ್ತಲಲ್ಲೇ ಎಲ್ಲವೂ ನಡೆದುಹೋಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದು ಹುಡುಕುವ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಫಿಟ್ಸ್ ಕೂಡ ಇದೆ. ಆದರೆ ಆ ತಂಡ ಅಂಗನವಾಡಿಗೆ ಬರುವುದು ವರ್ಷಕ್ಕೆ ಎರಡು ಸಲ. ಉಳಿಯುವುದು ಆಶಾ ಕಾರ್ಯಕರ್ತೆ. ಶಿಶುವಿನ ಮನೆ ಆರೈಕೆ ಯೋಜನೆಯಡಿ ಅವರು ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮನೆಗೆ ಹೋಗಬೇಕು. ಅಂದರೆ ಕಾಯಿಲೆ ಹೊಂಚುಹಾಕುವ ಕಾಲದಲ್ಲಿ ಖಾತರಿಯಾಗಿ ಬಾಗಿಲು ತಟ್ಟುವುದು ಒಂದೇ ಸಲ, ಆರನೆಯ ತಿಂಗಳಲ್ಲಿ. ಆ ಭೇಟಿಯಲ್ಲಿ ಮಾತು ಬಹುತೇಕ ಮೇಲೂಟದ ಸುತ್ತ, ತೂಕದ ಸುತ್ತ ನಡೆಯುತ್ತದೆ. 'ಕೂಸು ಎದ್ದ ಕೂಡಲೇ ಮತ್ತೆ ಮತ್ತೆ ತಲೆ ಬಾಗಿಸಿ ಬೆಚ್ಚುತ್ತದೆಯೇ? ಮೊದಲು ನಗುತ್ತಿದ್ದುದು ಈಗ ನಿಂತಿದೆಯೇ?' ಈ ಎರಡು ಪ್ರಶ್ನೆ ಆ ದಿನ ಕೇಳಿದರೆ ಸಾಕು, ಎಷ್ಟೋ ವಾರ ಉಳಿಯುತ್ತದೆ. ಇದಕ್ಕೆ ಹೊಸ ಯೋಜನೆಯಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ.

ಕೊಡಗಿನ ನೆಲವೂ ಬದುಕೂ ಈ ಕತ್ತಲನ್ನು ಇನ್ನಷ್ಟು ಉದ್ದ ಮಾಡುತ್ತವೆ. ತೋಟದ ಲೈನ್ ಮನೆಯಲ್ಲಿರುವ ತಾಯಿಗೆ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಅಸ್ಸಾಂ, ಬಂಗಾಳಗಳಿಂದ ಬಂದು ತೋಟಗಳಲ್ಲಿ ದುಡಿಯುವ ಕುಟುಂಬಗಳಿಗೆ ಊರಿನ ತಾಯಿ ಕಾರ್ಡೂ ಇಲ್ಲ, ನಮ್ಮ ಭಾಷೆಯೂ ಬಾರದು. ಕೂಸಿಗೆ ಏನಾಗುತ್ತಿದೆ ಎಂದು ಕೈಸನ್ನೆಯಲ್ಲಿ ಹೇಳಬೇಕು. ಜೇನುಕುರುಬರ, ಯರವರ ಹಾಡಿಗಳಿಂದ ಮುಖ್ಯರಸ್ತೆಗೆ ಬರುವುದೇ ಒಂದು ಪ್ರಯಾಣ. ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು ಸುಮಾರು 260. ಸೆಳೆತ ಬರುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಚೀಟಿ ಮಾಡಿಸಿ, ಇಇಜಿಗೆ ಒಂದು ದಿನಾಂಕ, ಎಂಆರ್‌ಐಗೆ ಇನ್ನೊಂದು ದಿನಾಂಕ ಪಡೆದು ಮರಳುವ ತಂದೆತಾಯಿ ಮೂರನೆಯ ಸಲ ಹೊರಡುವುದಿಲ್ಲ. ಅವರಿಗೆ ಕಾಳಜಿ ಕಡಿಮೆ ಎಂದಲ್ಲ. ಕೈಯಲ್ಲಿ ದುಡ್ಡು ಮುಗಿದಿರುತ್ತದೆ.

ಮಳೆಗಾಲದ ಮಾತನ್ನು ಬೇರೆಯಾಗಿ ಹೇಳಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಜೋಡುಪಾಲ, ಮದೆನಾಡಿನ ಕಡೆ ಮಡಿಕೇರಿ-ಮಂಗಳೂರು ರಸ್ತೆ ವಾರಗಟ್ಟಲೆ ಮುಚ್ಚಿತ್ತು. ನಂತರದ ವರ್ಷಗಳಲ್ಲೂ ಪ್ರವಾಹ, ಕುಸಿತಗಳನ್ನು ಜಿಲ್ಲೆ ಕಂಡಿದೆ. ಈ ಕಾಯಿಲೆಯ ಔಷಧಗಳನ್ನು, ಅದರಲ್ಲೂ ಸ್ಟೀರಾಯ್ಡ್ ಮತ್ತು ವಿಗಬ್ಯಾಟ್ರಿನ್ ಅನ್ನು, ಥಟ್ಟನೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಜೂನ್ ತಿಂಗಳಿಗೆ ಮುಂಚೆಯೇ ಇಂಥ ಪ್ರತಿ ಮಗುವಿನ ಮನೆಯಲ್ಲಿ ಎರಡು ತಿಂಗಳ ಔಷಧ ಇರಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ದಾಸ್ತಾನು ಇರಬೇಕು.

ಮುಂದೆ ಹೆಚ್ಚಾಗುವ ಸಂಭವವಿದೆ ಎಂದೆನಲ್ಲ, ಅದಕ್ಕೆ ಕಾರಣವಿದೆ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ಹಿಂದೆ ಮೆದುಳಿನ ಜನ್ಮಜಾತ ದೋಷಗಳು, ಜೀನ್ ದೋಷಗಳು ಹೆಚ್ಚಾಗಿ ಕಾಣುತ್ತವೆ. ಭಾರತದಲ್ಲಿ ಎದ್ದು ಕಾಣುವುದು ಹೆರಿಗೆಯ ಹೊತ್ತಿಗೆ ಉಸಿರು ಕಟ್ಟಿ ಮೆದುಳಿಗೆ ಆದ ಪೆಟ್ಟು, ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದಲ್ಲಿ ಸಕ್ಕರೆ ತೀರಾ ಇಳಿದುದರಿಂದ ಮೆದುಳಿನ ಹಿಂಭಾಗಕ್ಕೆ ಆದ ಗಾಯ, ಅವಧಿಗೆ ಮೊದಲೇ ಹುಟ್ಟಿದ್ದು. ಹಿಂದೆ ಇಂಥ ಕೂಸುಗಳಲ್ಲಿ ಬಹಳಷ್ಟು ಉಳಿಯುತ್ತಿರಲಿಲ್ಲ. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಿವೆ, ಆ ಕೂಸುಗಳು ಉಳಿಯುತ್ತಿವೆ. ಇದು ದೊಡ್ಡ ಗೆಲುವು, ಸಂಶಯವೇ ಇಲ್ಲ. ಆದರೆ ಉಳಿದ ಕೂಸು ಮನೆಗೆ ಹೋದ ನಾಲ್ಕೈದು ತಿಂಗಳ ಮೇಲೆ ತಲೆ ಬಾಗಿಸಲು ಶುರುಮಾಡಬಹುದು ಎಂದು ತಾಯಿಗೆ ಬಿಡುಗಡೆಯ ದಿನ ಯಾರು ಹೇಳುತ್ತಾರೆ? ಡಿಸ್ಚಾರ್ಜ್ ಚೀಟಿಯಲ್ಲಿ ತೂಕ, ಲಸಿಕೆ, ಎದೆಹಾಲು ಇರುತ್ತವೆ. ಈ ಒಂದು ಸಾಲು ಇರಬೇಕಾದ ಜಾಗ ಖಾಲಿ ಉಳಿದರೆ, ಜೀವ ಉಳಿಸಿದ ಪ್ರತಿ ಘಟಕವೂ ಮುಂದೊಂದು ದಿನ ಹೊರೆಯೊಂದನ್ನು ಆ ಮನೆಗೆ ಕಳಿಸಿದಂತಾಗುತ್ತದೆ. ಸಕ್ಕರೆ ಇಳಿಯುವುದನ್ನು ತಡೆಯುವ ಅತಿ ಸರಳ ಉಪಾಯ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಕಾಯಿಲೆ ಗುರುತಾದ ಮೇಲೂ ವಾರಗಳು ಸೋರಿಹೋಗುತ್ತವೆ. ಫಿಟ್ಸ್ ಎಂದರೆ ಫಿನೋಬಾರ್ಬಿಟೋನ್ ಅಥವಾ ಫೆನಿಟೊಯಿನ್ ಎಂಬುದು ನಮ್ಮ ಊರುಗಳ ಹಳೆಯ ರೂಢಿ. ಆ ರೂಢಿಗೆ ಆಧಾರವೂ ಇತ್ತು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನಡೆಸಿ 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಗ್ಗದ ಎರಡು ಔಷಧಗಳಿಂದ ಹಳ್ಳಿಯಲ್ಲೂ ಅಪಸ್ಮಾರವನ್ನು ಹಿಡಿತಕ್ಕೆ ತರಬಹುದು ಎಂದು ತೋರಿಸಿತ್ತು. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ನಡೆಸಿದ ಮನೆ ಮನೆ ಸಮೀಕ್ಷೆಯಲ್ಲಿ ಅಪಸ್ಮಾರ ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9 ಎಂದು ಕಂಡಿತ್ತು. ಹಳ್ಳಿಯ ರೋಗಿಗೆ ಅಗ್ಗದ ಔಷಧ ಮುಟ್ಟಿಸುವ ಕೆಲಸ ಅಷ್ಟು ಮುಖ್ಯವಾದದ್ದು. ಆದರೆ ಶಿಶುವಿನ ಸ್ಪಾಸಮ್ ಬೇರೆಯದೇ ಜಾತಿ. ಆ ಎರಡು ಔಷಧಗಳು ಇದಕ್ಕೆ ನಾಟುವುದಿಲ್ಲ ಎಂದೇ ಹೇಳಬೇಕು. ಕೂಸಿಗೆ ತಿಂಗಳುಗಟ್ಟಲೆ ಅವನ್ನು ಕುಡಿಸಿ 'ಔಷಧ ನಡೀತಿದೆ' ಎಂದುಕೊಂಡಿರುವ ತಂದೆತಾಯಿಯ ಪಾಲಿಗೆ ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ.

ಇದಕ್ಕೆ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ, ಅಂದರೆ ಎಸಿಟಿಎಚ್ ಚುಚ್ಚುಮದ್ದು ಅಥವಾ ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್, ಮತ್ತು ವಿಗಬ್ಯಾಟ್ರಿನ್. 377 ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಎರಡನ್ನೂ ಜೊತೆಯಾಗಿ ಕೊಟ್ಟಾಗ 72 ಶೇಕಡಾ ಕೂಸುಗಳಲ್ಲಿ, ಹಾರ್ಮೋನ್ ಒಂದನ್ನೇ ಕೊಟ್ಟಾಗ 57 ಶೇಕಡಾ ಕೂಸುಗಳಲ್ಲಿ ಸೆಳೆತ ನಿಂತಿತ್ತು. ಸೋಂಕು, ರಕ್ತದೊತ್ತಡ, ವಿಗಬ್ಯಾಟ್ರಿನ್‌ನಿಂದ ದೃಷ್ಟಿಯ ಅಂಚು ಕುಗ್ಗುವ ಭಯ ಇವೆಲ್ಲ ಇರುವುದರಿಂದ ಇದು ಮನೆಯಲ್ಲಿ ತಾವಾಗಿಯೇ ಮಾಡಿಕೊಳ್ಳುವ ಚಿಕಿತ್ಸೆಯಲ್ಲ. ಇಲ್ಲಿ ತಂದೆತಾಯಿ ನೆನಪಿಡಬೇಕಾದ್ದು ಬೇರೊಂದು: ಈ ಔಷಧಗಳು ನಾಟುತ್ತವೆಯೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಎರಡು ವಾರದಲ್ಲಿ ಗೊತ್ತಾಗುತ್ತದೆ. ಆರು ತಿಂಗಳು ಕಾದು ನೋಡುವ ಔಷಧವೇ ಇದಲ್ಲ.

ಔಷಧ ನಾಟದಿದ್ದರೆ? ಶಸ್ತ್ರಚಿಕಿತ್ಸೆಯ ಮಾತು ಬರುವುದು ಇಲ್ಲಿ, ಮತ್ತು ನಮ್ಮಲ್ಲಿ ಅದು ಬರುವುದೇ ತೀರಾ ತಡವಾಗಿ. ಅಪಸ್ಮಾರದಲ್ಲಿ ಮೂರನೆಯ, ನಾಲ್ಕನೆಯ ಔಷಧದ ಮೇಲೆ ಆಸೆ ಇಟ್ಟುಕೊಳ್ಳುವುದಕ್ಕೆ ಆಧಾರ ಕಡಿಮೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 470 ರೋಗಿಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಔಷಧಕ್ಕೆ 47 ಶೇಕಡಾ, ಎರಡನೆಯದಕ್ಕೆ 13 ಶೇಕಡಾ ರೋಗಿಗಳಲ್ಲಿ ಫಿಟ್ಸ್ ನಿಂತಿತು. ಆಮೇಲೆ ಉಳಿದದ್ದು ಕೆಲವೇ ಶೇಕಡಾ. ಹೀಗಾಗಿ ಸರಿಯಾದ ಎರಡು ಔಷಧ ಸೋತರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರ ಎಂದು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟ 2010ರಲ್ಲಿ ಗೊತ್ತುಮಾಡಿತು. ಅದು ಖಚಿತವಾದ ಕೂಡಲೇ ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಕಳಿಸಬೇಕು ಎಂದು 2022ರಲ್ಲಿ ತಜ್ಞರ ಸಮೂಹ ಒಮ್ಮತದಿಂದ ಹೇಳಿತು. ಶಿಶುವಿನ ವಿಷಯದಲ್ಲಿ 'ಕೂಡಲೇ' ಎಂಬುದು ವಾರಗಳ ಮಾತು. 'ಮಗು ಸ್ವಲ್ಪ ದೊಡ್ಡದಾಗಲಿ, ನೋಡೋಣ' ಎಂಬ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಆಡುತ್ತಾರೆ. ಆದರೆ ಪುರಾವೆಗಳ ಮುಂದೆ ಅದು ನಿಲ್ಲುವುದಿಲ್ಲ.

ಮೆದುಳಿನ ಶಸ್ತ್ರಚಿಕಿತ್ಸೆ ಎಂದ ಕೂಡಲೇ ಎದೆ ಝಲ್ಲೆನ್ನುತ್ತದೆ. ಏನು ಮಾಡುತ್ತಾರೆ ಎಂದು ತಿಳಿದರೆ ಆ ಭಯಕ್ಕೊಂದು ಆಕಾರ ಸಿಗುತ್ತದೆ. ಕೆಲವು ಕೂಸುಗಳಲ್ಲಿ ಮೆದುಳಿನ ಹೊರಪದರದ ಒಂದು ತುಣುಕು ಗರ್ಭದಲ್ಲೇ ತಪ್ಪಾಗಿ ಜೋಡಣೆಯಾಗಿರುತ್ತದೆ. ಕೆಲವರಲ್ಲಿ ಮೆದುಳಿನ ಒಂದಿಡೀ ಅರ್ಧ ಅಸಹಜವಾಗಿ ಊದಿರುತ್ತದೆ, ಇಲ್ಲವೇ ಹುಟ್ಟುವ ಮೊದಲು ಆದ ಪಾರ್ಶ್ವವಾಯುವಿನಿಂದ ಒಂದು ಭಾಗ ಸತ್ತಿರುತ್ತದೆ. ಮುಖದ ಒಂದು ಬದಿಯಲ್ಲಿ ಕೆಂಪು ಮಚ್ಚೆಯೊಂದಿಗೆ ಬರುವ ಸ್ಟರ್ಜ್-ವೆಬರ್, ಮೈಮೇಲೆ ಎಲೆಯಾಕಾರದ ಬಿಳಿ ಕಲೆಗಳೊಂದಿಗೆ ಬರುವ ಟ್ಯೂಬರಸ್ ಸ್ಕ್ಲೆರೋಸಿಸ್ ಕೂಡ ಈ ಸಾಲಿಗೆ ಸೇರುತ್ತವೆ. ಗೊಂದಲ ಹುಟ್ಟುವ ತಾಣ ಒಂದು ಕಡೆ ಇದ್ದರೆ ಅದನ್ನು ತೆಗೆಯುತ್ತಾರೆ. ಒಂದಿಡೀ ಅರ್ಧಗೋಳ ಕೆಟ್ಟಿದ್ದರೆ ಅದನ್ನು ಇನ್ನೊಂದು ಅರ್ಧದಿಂದ ಬೇರ್ಪಡಿಸುತ್ತಾರೆ. ಇದಕ್ಕೆ ಹೆಮಿಸ್ಫೆರಾಟಮಿ ಎನ್ನುತ್ತಾರೆ. ಹಿಂದೆ ಅರ್ಧಗೋಳವನ್ನೇ ಹೊರತೆಗೆಯುತ್ತಿದ್ದರು. ದಕ್ಷಿಣ ಆಫ್ರಿಕಾದ ಶಸ್ತ್ರವೈದ್ಯ ಕ್ರೈನಾ 1950ರಲ್ಲಿ 12 ರೋಗಿಗಳ ವರದಿ ಕೊಟ್ಟಿದ್ದರು. ಖಾಲಿಯಾದ ಜಾಗದಲ್ಲಿ ವರ್ಷಗಳ ನಂತರ ರಕ್ತ ಜಿನುಗಿ ಅಪಾಯವಾಗುವುದು ಕಂಡಮೇಲೆ, ಕತ್ತರಿಸಿ ತೆಗೆಯುವ ಬದಲು ಒಳಗೇ ಬಿಟ್ಟು ಸಂಪರ್ಕ ಕಡಿಯುವ ವಿಧಾನ ಬಂತು. ಭಾರತಕ್ಕೂ ಇದು ಹೊಸದಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ 1949ರಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದ ಡಾ. ಜೇಕಬ್ ಚಾಂಡಿ 1952ರಲ್ಲೇ ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಇಂದು ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ, ದೆಹಲಿಯ ಏಮ್ಸ್‌ಗಳಲ್ಲಿ ಇದು ನಡೆಯುತ್ತಿರುವ ಕೆಲಸ.

ಅತಿ ಬಲವಾದ ಪುರಾವೆ ಬಂದದ್ದೂ ನಮ್ಮ ದೇಶದಿಂದಲೇ. ದೆಹಲಿಯ ಏಮ್ಸ್‌ನಲ್ಲಿ ಔಷಧಕ್ಕೆ ಬಗ್ಗದ ಅಪಸ್ಮಾರವಿದ್ದ, 18 ವರ್ಷದೊಳಗಿನ 116 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು: 57 ಮಕ್ಕಳಿಗೆ ಶಸ್ತ್ರಚಿಕಿತ್ಸೆ, 59 ಮಕ್ಕಳಿಗೆ ಔಷಧ ಮಾತ್ರ. ಒಂದು ವರ್ಷದ ಮೇಲೆ ಶಸ್ತ್ರಚಿಕಿತ್ಸೆಯ ಗುಂಪಿನ 77 ಶೇಕಡಾ ಮಕ್ಕಳಿಗೆ ಫಿಟ್ಸ್ ಇರಲಿಲ್ಲ; ಔಷಧದ ಗುಂಪಿನಲ್ಲಿ 7 ಶೇಕಡಾ. 2017ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಇದನ್ನು ಪ್ರಕಟಿಸಿತು. ಅದೇ ವರದಿಯ ಇನ್ನೊಂದು ಭಾಗವನ್ನು ಮುಚ್ಚಿಡಬಾರದು. ವರ್ತನೆ, ಸಾಮಾಜಿಕ ಕೌಶಲ, ಬದುಕಿನ ಗುಣಮಟ್ಟ ಸುಧಾರಿಸಿದವು. ಬುದ್ಧಿಮಟ್ಟದ ಅಂಕದಲ್ಲಿ ಮಾತ್ರ ಒಂದು ವರ್ಷದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 15 ಮಕ್ಕಳಿಗೆ ದೇಹದ ಒಂದು ಬದಿ ದುರ್ಬಲವಾಯಿತು. ಅರ್ಧಗೋಳ ಬೇರ್ಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಮೊದಲೇ ನಿರೀಕ್ಷಿಸುವ ಪರಿಣಾಮ ಅದು.

ಬುದ್ಧಿಮಟ್ಟ ಏಕೆ ಏರಲಿಲ್ಲ? ಆ ಮಕ್ಕಳಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಫಿಟ್ಸ್ ಅನುಭವಿಸಿದ ಮೇಲೆ ಶಸ್ತ್ರಚಿಕಿತ್ಸೆಗೆ ಬಂದವರು ಎಂಬುದು ನನ್ನ ಓದಿನಲ್ಲಿ ದೊಡ್ಡ ಕಾರಣ. ಹೀಗೆನ್ನುವುದಕ್ಕೆ ಆಧಾರ ಶಿಶುಗಳ ಅಧ್ಯಯನಗಳಲ್ಲಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೂರು ವರ್ಷದೊಳಗೇ ಶಸ್ತ್ರಚಿಕಿತ್ಸೆಯಾದ ಮಕ್ಕಳ ಬೆಳವಣಿಗೆಯನ್ನು ಮೊದಲು ಮತ್ತು ನಂತರ ಅಳೆದು 2007ರಲ್ಲಿ ಪ್ರಕಟಿಸಿದಾಗ, ಚಿಕ್ಕ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಮತ್ತು ಸ್ಪಾಸಮ್ ಇದ್ದವರಲ್ಲಿ ಸುಧಾರಣೆ ಹೆಚ್ಚಿತ್ತು. ಲಾಸ್ ಏಂಜಲೀಸಿನಲ್ಲಿ ಸ್ಪಾಸಮ್‌ಗೆಂದೇ ಶಸ್ತ್ರಚಿಕಿತ್ಸೆಯಾದ 24 ಮಕ್ಕಳ ಬಗ್ಗೆ 1997ರಲ್ಲಿ ಬಂದ ವರದಿಯೂ ಬೇಗ ಮಾಡಿದಷ್ಟು ಬೆಳವಣಿಗೆ ಉತ್ತಮ ಎಂದೇ ತೋರಿಸಿತು. ಇವೆಲ್ಲ ಸಣ್ಣ ಸಂಖ್ಯೆಗಳು, ಚೀಟಿ ಎತ್ತಿ ಹಂಚಿದ ಗುಂಪುಗಳೂ ಅಲ್ಲ. ಆದರೆ ಬೇರೆ ಬೇರೆ ಊರುಗಳ ಬೇರೆ ಬೇರೆ ವೈದ್ಯರಿಗೆ ಕಂಡ ದಿಕ್ಕು ಒಂದೇ. ಮೂರು ತಿಂಗಳೂ ತುಂಬದ 64 ಶಿಶುಗಳಿಗೆ ಹಲವು ದೇಶಗಳ ಕೇಂದ್ರಗಳಲ್ಲಿ ಮಾಡಿದ ಶಸ್ತ್ರಚಿಕಿತ್ಸೆಗಳನ್ನು ಒಟ್ಟುಮಾಡಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸುಮಾರು ಮೂರನೇ ಎರಡರಷ್ಟು ಕೂಸುಗಳು ಫಿಟ್ಸ್‌ನಿಂದ ಮುಕ್ತವಾಗಿದ್ದವು.

ಎರಡು ತಪ್ಪು ತಿಳಿವಳಿಕೆಗಳು ವೈದ್ಯರ ನಡುವೆಯೂ ಇವೆ, ಅವುಗಳಿಂದಲೂ ಸಮಯ ಹೋಗುತ್ತದೆ. ಇಇಜಿಯಲ್ಲಿ ಗೊಂದಲ ಮೆದುಳಿನ ತುಂಬ ಕಾಣುತ್ತಿದೆ, ಆದ್ದರಿಂದ ಶಸ್ತ್ರಚಿಕಿತ್ಸೆ ಆಗದು ಎಂಬುದು ಒಂದು. ಎಳೆಯ ಮೆದುಳಿನಲ್ಲಿ ಒಂದೇ ತಾಣದ ದೋಷವೂ ಎಲ್ಲೆಡೆ ಹಬ್ಬಿದಂತೆ ಕಾಣಬಹುದು. ಕ್ಲೀವ್‌ಲ್ಯಾಂಡಿನಲ್ಲೇ ಇಂಥ ಇಇಜಿ ಇದ್ದೂ ಶಸ್ತ್ರಚಿಕಿತ್ಸೆಯಾದ 50 ಮಂದಿಯಲ್ಲಿ 72 ಶೇಕಡಾ ಮಂದಿಗೆ ಫಿಟ್ಸ್ ನಿಂತಿತ್ತು. ಎಂಆರ್‌ಐ ಸಹಜವಾಗಿದೆ, ಆದ್ದರಿಂದ ದೋಷವಿಲ್ಲ ಎಂಬುದು ಇನ್ನೊಂದು. ಶಿಶುವಿನ ಮೆದುಳಿನ ನರತಂತುಗಳಿಗೆ ಕೊಬ್ಬಿನ ಹೊದಿಕೆ ನಿಧಾನವಾಗಿ ಬೆಳೆಯುತ್ತದೆ. ಸುಮಾರು ಆರು ತಿಂಗಳಿಂದ ಎರಡು ವರ್ಷದವರೆಗೆ ಬಿಳಿಯ ಮತ್ತು ಬೂದು ಪದರಗಳು ಸ್ಕ್ಯಾನಿನಲ್ಲಿ ಒಂದೇ ಬಣ್ಣಕ್ಕೆ ಸಮೀಪ ಬಂದು ಸಣ್ಣ ದೋಷ ಮರೆಯಾಗುತ್ತದೆ. ಆರು ತಿಂಗಳೊಳಗಿನ ಸ್ಕ್ಯಾನಿನಲ್ಲಿ ಕಂಡದ್ದು ವರ್ಷದ ಸ್ಕ್ಯಾನಿನಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಮೊದಲ ಸ್ಕ್ಯಾನಿನ ಸಿಡಿ, ಫಿಲ್ಮ್‌ಗಳನ್ನು ಯಾವ ಕಾರಣಕ್ಕೂ ಕಳೆಯಬೇಡಿ. ವೈದ್ಯ ಚುಗಾನಿ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದಂತೆ, ಎಂಆರ್‌ಐಗೆ ಕಾಣದ ತಾಣ ಪೆಟ್ ಸ್ಕ್ಯಾನಿಗೆ ಕಾಣುವುದೂ ಉಂಟು.

ಅಪಾಯದ ಮಾತು ನೇರವಾಗಿಯೇ ಆಡಬೇಕು. ಐದು ಕಿಲೋ ತೂಕದ ಕೂಸಿನ ಮೈಯಲ್ಲಿರುವುದು ಒಟ್ಟು ಸುಮಾರು 400 ಮಿಲಿಲೀಟರ್ ರಕ್ತ. ಶಸ್ತ್ರಚಿಕಿತ್ಸೆಯಲ್ಲಿ ಸ್ವಲ್ಪ ಹೋದರೂ ಅದು ಬಹಳ. ಹೀಗಾಗಿ ಇದು ಎಲ್ಲೆಂದರಲ್ಲಿ ಮಾಡಿಸುವುದಲ್ಲ, ಶಿಶುಗಳಿಗೆ ಅರಿವಳಿಕೆ ಕೊಡುವ ಅನುಭವಿ ತಂಡ ಇರುವಲ್ಲಿ ಮಾತ್ರ. ಕೆಲವು ಮಕ್ಕಳ ತಲೆಯಲ್ಲಿ ನೀರು ತುಂಬಿ ಅದನ್ನು ಇಳಿಸಲು ನಳಿಕೆ ಹಾಕಬೇಕಾಗುತ್ತದೆ. ಅರ್ಧಗೋಳ ಬೇರ್ಪಡಿಸಿದರೆ ಎದುರು ಬದಿಯ ಕೈಬೆರಳುಗಳ ಸೂಕ್ಷ್ಮ ಚಲನೆ ಸಿಗುವುದಿಲ್ಲ, ದೃಷ್ಟಿಯ ಅರ್ಧ ಭಾಗ ಹೋಗುತ್ತದೆ. ಹೆಚ್ಚಿನ ಮಕ್ಕಳು ನಡೆಯುತ್ತಾರೆ. ಎಡಗೋಳ ಕಳೆದುಕೊಂಡ ಎಳೆಯ ಮಗುವಿನಲ್ಲಿ ಬಲಗೋಳ ಮಾತಿನ ಕೆಲಸ ವಹಿಸಿಕೊಳ್ಳಬಲ್ಲದು. ದೊಡ್ಡವರಲ್ಲಿ ಅದು ಸಾಧ್ಯವಾಗುವುದು ಕಷ್ಟ. ಬೇಗ ಮಾಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಆದರೂ ಶಸ್ತ್ರಚಿಕಿತ್ಸೆಯಾದ ಬಹುಪಾಲು ಮಕ್ಕಳು ತಮ್ಮ ಓರಗೆಯವರಿಗಿಂತ ಹಿಂದೆಯೇ ಇರುತ್ತಾರೆ. ಫಿಟ್ಸ್ ನಿಂತರೆ ಕಳೆದುದೆಲ್ಲ ಮರಳುತ್ತದೆ ಎಂದು ಯಾರೂ ಭರವಸೆ ಕೊಡಲಾಗದು. ಇನ್ನೂ ಕಳೆಯುವುದು ನಿಲ್ಲುತ್ತದೆ, ಕಲಿಯುವ ಬಾಗಿಲು ತೆರೆಯುತ್ತದೆ.

ಎಲ್ಲ ಕೂಸುಗಳಿಗೂ ಶಸ್ತ್ರಚಿಕಿತ್ಸೆ ಒಗ್ಗುವುದೂ ಇಲ್ಲ. ಎರಡೂ ಬದಿ ಸಮನಾಗಿ ಪೆಟ್ಟಾದ ಮೆದುಳಿಗೆ, ಹೆಚ್ಚಿನ ಜೀನ್ ದೋಷಗಳಿಗೆ, ಬಿ6 ಜೀವಸತ್ವಕ್ಕೆ ಸ್ಪಂದಿಸುವ ಅಪರೂಪದ ಅಪಸ್ಮಾರಕ್ಕೆ ಬೇರೆ ದಾರಿಗಳು. ಉಸಿರು ಕಟ್ಟಿ, ಸಕ್ಕರೆ ಇಳಿದು ಪೆಟ್ಟಾದ ನಮ್ಮ ಮಕ್ಕಳಲ್ಲಿ ಎರಡೂ ಬದಿ ಗಾಯವಾದವರೇ ಹೆಚ್ಚು, ಆದ್ದರಿಂದ ಅವರಲ್ಲಿ ಹಲವರಿಗೆ ಔಷಧ, ಕೀಟೋಜೆನಿಕ್ ಆಹಾರ, ತರಬೇತಿಯೇ ಗತಿ. ಆದರೆ ಯಾರಿಗೆ ಒಗ್ಗುತ್ತದೆ ಎಂಬುದನ್ನು ತೀರ್ಮಾನಿಸಬೇಕಾದ್ದು ಆ ಕೆಲಸ ಬಲ್ಲ ಕೇಂದ್ರ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕಳಿಸುವ ಮೊದಲೇ 'ಇದಕ್ಕೇನೂ ಮಾಡಲಾಗದು' ಎಂಬ ತೀರ್ಪು ಬೀಳಬಾರದು.

ಲಸಿಕೆಯ ಬಗ್ಗೆ ಒಂದು ಮಾತು. ಲಸಿಕೆ ಹಾಕಿಸಿದ ಮೇಲೆಯೇ ಕೂಸಿಗೆ ಹೀಗಾಯಿತು ಎಂಬ ನಂಬಿಕೆ ತೋಟದ ಸಾಲುಮನೆಗಳಲ್ಲೂ ಪೇಟೆಯ ಮನೆಗಳಲ್ಲೂ ಇದೆ. ಕಾಯಿಲೆ ಶುರುವಾಗುವ ವಯಸ್ಸೂ ಲಸಿಕೆಯ ವಯಸ್ಸೂ ಅಕ್ಕಪಕ್ಕ ಬರುವುದರಿಂದ ಹಾಗನ್ನಿಸುತ್ತದೆ. ಬ್ರಿಟನ್ನಿನಲ್ಲಿ 1983ರಲ್ಲೇ ಇದನ್ನು ಪರಿಶೀಲಿಸಿ, ನಾಯಿಕೆಮ್ಮಿನ ಲಸಿಕೆ ಸ್ಪಾಸಮ್‌ಗೆ ಕಾರಣವಲ್ಲ ಎಂದು ಕಂಡುಕೊಂಡಿದ್ದಾರೆ. ಈ ಭಯದಿಂದ ಮುಂದಿನ ಮಗುವಿಗೆ ಲಸಿಕೆ ತಪ್ಪಿಸಿದರೆ ಒಂದು ದುಃಖಕ್ಕೆ ಇನ್ನೊಂದು ಸೇರುತ್ತದೆ.

ಕೊಡಗಿಗೆ 2016ರಿಂದ ತನ್ನದೇ ವೈದ್ಯಕೀಯ ಕಾಲೇಜಿದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಕಾಯಿಲೆಗಳನ್ನು ನೋಡುವ ಕ್ಲಿನಿಕ್‌ಗಳನ್ನು ಕಟ್ಟುತ್ತಿದೆ. ಅದರ ಗಮನ ಪಾರ್ಶ್ವವಾಯು, ಮರೆವು, ದೊಡ್ಡವರ ಅಪಸ್ಮಾರದಾಚೆಗೂ ಹರಿದು ಶಿಶುವಿನ ತೊಟ್ಟಿಲವರೆಗೆ ಬರಬೇಕು. ಮಡಿಕೇರಿಯಲ್ಲಿ ಸ್ಪಾಸಮ್ ಎಂಬ ಅನುಮಾನ ಬಂದ ಕೂಸಿಗೆ ನಿದ್ದೆಯಲ್ಲಿ ತೆಗೆಯುವ ಇಇಜಿ ಎರಡು ಮೂರು ದಿನದೊಳಗೆ ಸಿಗಬೇಕು. ಓದಿ ಹೇಳುವವರು ಬೆಂಗಳೂರಿನಲ್ಲಿದ್ದರೂ ತೊಂದರೆಯಿಲ್ಲ, ರೇಖೆಗಳು ಅಂತರ್ಜಾಲದಲ್ಲಿ ಹೋಗುತ್ತವೆ. ಚಿಕಿತ್ಸೆ ಅದೇ ವಾರ ಮಡಿಕೇರಿಯಲ್ಲೇ ಶುರುವಾಗಬೇಕು. ಎರಡು ವಾರದಲ್ಲಿ ಸೆಳೆತ ನಿಲ್ಲದಿದ್ದರೆ ಅಥವಾ ಸ್ಕ್ಯಾನಿನಲ್ಲಿ ಒಂದು ಬದಿಯ ದೋಷ ಕಂಡರೆ, ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಿಸದೆ, ಹೆಸರು ಕೂಗಿ ಒಳಗೆ ಕರೆಯುವ ನೇರ ದಾರಿ ನಿಮ್ಹಾನ್ಸ್‌ಗೆ ಇರಬೇಕು. ವರ್ಷಕ್ಕೆ ಬೆರಳೆಣಿಕೆಯ ಕೂಸುಗಳು. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇದು ಆಗದ ಕೆಲಸವಲ್ಲ. ತೋಟದ ಮಾಲೀಕರು, ಬೆಳೆಗಾರರ ಸಂಘಗಳು ಒಂದು ಕೆಲಸ ಮಾಡಬಹುದು: ಲೈನ್ ಮನೆಯ ಕೂಸನ್ನು ಆಸ್ಪತ್ರೆಗೆ ಒಯ್ಯುವ ದಿನ ಜೀಪು ಕೊಡಿ, ತಾಯಿಯ ಕೂಲಿ ಕಡಿಯಬೇಡಿ.

ಮನೆಯಲ್ಲಿ ಕೂಸಿರುವವರಿಗೆ ಕೊನೆಯದಾಗಿ ಇಷ್ಟು. ಕೂಸು ಎದ್ದಾಗಲೋ ಮಲಗುವಾಗಲೋ ಸಾಲಾಗಿ ಬೆಚ್ಚುತ್ತಿದ್ದರೆ ಫೋನ್ ತೆಗೆದು ವೀಡಿಯೊ ಮಾಡಿ. ಮುಖ, ತೋಳು, ಕಾಲು ಎಲ್ಲ ಕಾಣಲಿ, ಒಂದು ಪೂರ್ತಿ ಸರಣಿ ಇರಲಿ. ಶುರುವಾದ ದಿನಾಂಕ ಬರೆದಿಡಿ. ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ, 'ಇದು ಸ್ಪಾಸಮ್ ಇರಬಹುದೇ, ಇಇಜಿ ಮಾಡಿಸಬೇಕೇ' ಎಂದು ನೇರವಾಗಿ ಕೇಳಿ. ಎರಡು ವಾರದ ಸರಿಯಾದ ಚಿಕಿತ್ಸೆಗೂ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಕಳಿಸಿ ಎಂದು ನೀವೇ ಕೇಳಿ. ಹಾಗೆ ಕೇಳುವುದು ತಂದೆತಾಯಿಯ ಹಕ್ಕು.